ಅರ್ಧ ಡಿಕ್ಷನರಿ ಮತ್ತು ಅಟ್ಟದ ಕಾಯಿ

ನನ್ನ ಹತ್ತಿರ ಒಂದು ಅರ್ಧ ಡಿಕ್ಷನರಿ ಇದೆ. ಗೆದ್ದಲು ತಿಂದೋ ಮಕ್ಕಳು ಹರಿದೋ ಅರ್ಧವಾದದ್ದಲ್ಲ. ಊರಿನ ಹಿರಿಯರ ಎದುರಿಗೆ ಮಚ್ಚಿನಲ್ಲಿ ಕತ್ತರಿಸಿ, ನಿನ್ನ ಪಾಲು ಎಂದು ನನ್ನ ಕೈಗೆ ಕೊಟ್ಟದ್ದು. ಎಮ್ ಅಕ್ಷರದಿಂದ ಶುರುವಾಗಿ ಜಡ್‌ಗೆ ಮುಗಿಯುತ್ತದೆ. ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಪುಸ್ತಕ ಜೋಡಿಸುವಾಗ ಅದನ್ನೂ ಇಡುತ್ತೇನೆ. ಮೇಲಿನ ರಟ್ಟು ಇಲ್ಲದ್ದರಿಂದ ಕುಂಕುಮವನ್ನು ಸೀದಾ ಎಮ್ ಅಕ್ಷರಕ್ಕೇ ಇಡಬೇಕು. “ನಿನ್ನ ಸರಸ್ವತಿಗೆ ತಲೇನೇ ಇಲ್ವಲ್ಲೇ” ಎಂದು ನಮ್ಮ ಯಜಮಾನರು ವರ್ಷಕ್ಕೊಮ್ಮೆ ತಪ್ಪದೆ ಹೇಳುತ್ತಾರೆ. ನಾನೂ ತಪ್ಪದೆ ಕೇಳಿಸದವಳ ಹಾಗೆ ಇರುತ್ತೇನೆ. ಚಿಕ್ಕನಾಯಕನಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಮೇಡಮ್ಮಿನ ವಿದ್ಯೆಯ ಬಂಡವಾಳ ಇಂಥ ಅರ್ಧ ಪುಸ್ತಕ ಎನ್ನುವುದು ಮಕ್ಕಳ ಕಿವಿಗೆ ಬೀಳದಿದ್ದರೆ ಸಾಕು.

ಈ ಸಲ ಪೂಜೆಗೆ ತೆಗೆದಾಗ ಪುಸ್ತಕ ತಾನಾಗಿಯೇ ಯು ಅಕ್ಷರದ ಹತ್ತಿರ ಬಿಚ್ಚಿಕೊಂಡಿತು. ಅಲ್ಲಿ ಒಂದು ಪದದ ಕೆಳಗೆ ಸೀಸದಕಡ್ಡಿಯ ಗೆರೆ ಇದೆ. ಅಲಿಜ್. ನೀವು ಕೇಳಿರಲಿಕ್ಕಿಲ್ಲ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಇಂಗ್ಲಿಷಿನವರಲ್ಲೇ ಕೇಳಿದವರು ಕಡಿಮೆ ಇರಬೇಕು. ನಮ್ಮ ಸ್ಟಾಫ್ ರೂಮಿನಲ್ಲಿ ಒಮ್ಮೆ ಕೇಳಿದ್ದಕ್ಕೆ ಗಣಿತದ ಮೇಷ್ಟ್ರು ಅದು ಮೈಕೈ ನೋವಿನ ಮಾತ್ರೆ ಎಂದರು. ಆ ಪದ ನಮ್ಮ ಮನೆಯ ಅಟ್ಟದ ಮೇಲೆ ಮಾಡಿದ ಅವಾಂತರವನ್ನು ಹೇಳಬೇಕೆಂದರೆ ಮೊದಲು ಅಟ್ಟದ ವಿಷಯ ಹೇಳಬೇಕು.

ನಮ್ಮೂರು ಹೊನ್ನವಳ್ಳಿಯ ಪಕ್ಕದ ಒಂದು ಹಳ್ಳಿ. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಇಳಿಸಿದ ಕೂಡಲೇ ಒಡೆದು ಬಿಸಿಲಿಗೆ ಹಾಕುವುದಿಲ್ಲ. ಮೇಲಿನ ನಾರಿನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ, ಮರೆತವರ ಹಾಗೆ ಹತ್ತು ಹನ್ನೊಂದು ತಿಂಗಳು ಇದ್ದುಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಬೇಕು. ಕೊಬ್ಬರಿ ಚಿಪ್ಪನ್ನು ಬಿಟ್ಟು ಒಳಗೇ ಉಂಡೆಯಾಗಬೇಕು. ಇಳಿಸಿದ ಹೊಸದರಲ್ಲಿ ಕಾಯನ್ನು ಅಲ್ಲಾಡಿಸಿದರೆ ನೀರು ಮಂದವಾಗಿ ಅಲುಗುತ್ತದೆ. ನಾಲ್ಕಾರು ತಿಂಗಳಿಗೆ ಕುಳಕುಳ ಎನ್ನುತ್ತದೆ. ಆಮೇಲೆ ಕೆಲವು ದಿನ ಮುನಿಸಿಕೊಂಡಂತೆ ಏನೂ ಅನ್ನುವುದಿಲ್ಲ. ಕೊನೆಗೊಂದು ದಿನ ಒಳಗಿನ ಉಂಡೆ ಗಡಗಡ ಎಂದು ಆಡುತ್ತದೆ. ಆಗ ಸುಲಿದು, ಚಿಪ್ಪು ಒಡೆದರೆ ಇಡೀ ಉಂಡೆ ಕೊಬ್ಬರಿ ಕೈಗೆ ಬರುತ್ತದೆ. ಆತುರಪಟ್ಟು ಮೊದಲೇ ಒಡೆದರೆ ಚೂರುಚೂರಾಗಿ ಬಂದು ಬೂಷ್ಟು ಹಿಡಿಯುತ್ತದೆ.

ಆ ಗಡಗಡವನ್ನು ಗುರುತಿಸುವುದರಲ್ಲಿ ನಮ್ಮ ದೊಡ್ಡಪ್ಪನನ್ನು ಮೀರಿಸಿದವರಿರಲಿಲ್ಲ. ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ, ರುದ್ರಣ್ಣ. ಕಾಯನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿ, ಕಣ್ಣು ಮುಚ್ಚಿ, “ಇನ್ನ ಇಪ್ಪತ್ತು ದಿನ ಬುಡು” ಎಂದರೆ ಇಪ್ಪತ್ತೇ ದಿನ. ಅಕ್ಕಪಕ್ಕದ ಊರಿನವರೂ ಒಡೆಯುವ ಮುಂಚೆ ಅವರನ್ನು ಕರೆಯುತ್ತಿದ್ದರು. ನಮ್ಮಪ್ಪ ಶಿವಣ್ಣನಿಗೆ ಅಷ್ಟು ನಾಜೂಕಿನ ಕಿವಿ ಇರಲಿಲ್ಲ. ಅಣ್ಣ ಆಗಿದೆ ಎಂದರೆ ಆಗಿದೆ, ಇಲ್ಲ ಎಂದರೆ ಇಲ್ಲ, ಅಷ್ಟೇ ಅಪ್ಪನಿಗೆ ಗೊತ್ತಿದ್ದದ್ದು.

ತಾತ ತೀರಿಕೊಂಡ ಎರಡು ವರ್ಷಕ್ಕೆ ಮನೆ ಪಾಲಾಯಿತು. ತೊಂಬತ್ತರ ದಶಕದ ನಡುವಿನ ಮಾತು ಇದು. ಜಗಳ ಬಚ್ಚಲೊಲೆಗೆ ಯಾರು ಮಟ್ಟೆ ಒಟ್ಟಬೇಕು ಎಂಬಲ್ಲಿಂದ ಶುರುವಾಗಿ ಎಲ್ಲೆಲ್ಲಿಗೋ ಹೋಯಿತು. ಅದನ್ನೆಲ್ಲ ಬಿಚ್ಚಿ ಹೇಳಿದರೆ ಇವತ್ತಿಗೂ ಎರಡೂ ಮನೆಯವರು ನನ್ನ ಮೇಲೆ ಬೀಳುತ್ತಾರೆ. ಮರಗಳು ಪಾಲಾದವು, ದನಗಳು ಪಾಲಾದವು, ಹಂಡೆ ಕೊಳದಪ್ಪಲೆಗಳು ಪಾಲಾದವು. ಕೊನೆಗೆ ಉಳಿದದ್ದು ತಾತನ ಡಿಕ್ಷನರಿ. ತಾತ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದವರು. ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಅರ್ಥ ಕೊಡುವ ಆ ದಪ್ಪ ಪುಸ್ತಕವನ್ನು ಬೆಂಗಳೂರಿನ ಹಳೆ ಪುಸ್ತಕದ ಅಂಗಡಿಯಿಂದ ತಂದು ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಅದು ನನಗೆ ಬೇಕು ಎಂದು ನಾನು ಅತ್ತೆ. ದೊಡ್ಡಪ್ಪನ ಮಗಳು ಗಿರಿಜೆಯೂ ಅತ್ತಳು. ಇಬ್ಬರಿಗೂ ಒಂದೇ ವಯಸ್ಸು, ಆಗತಾನೆ ಎಂಟನೇ ಕ್ಲಾಸು. ಅಲ್ಲಿಯವರೆಗೆ ಒಂದೇ ತಟ್ಟೆಯಲ್ಲಿ ಉಂಡವರು.

ಪಂಚಾಯಿತಿಗೆ ಬಂದ ಹಿರಿಯರಲ್ಲಿ ಚನ್ನಬಸಣ್ಣನವರು ಎಂಬ ಯಜಮಾನರಿದ್ದರು. ಬೆಳಗಿನಿಂದ ಕೂತು ಕೂತು ಅವರಿಗೂ ಸಾಕಾಗಿತ್ತು. “ಒಂದು ಕಾಯ್ನ ಇಬ್ರಿಗೆ ಕೊಡಬೇಕು ಅಂದ್ರೆ ಏನ್ ಮಾಡ್ತೀವಪ್ಪ? ಎರಡು ಹೋಳು ಮಾಡ್ತೀವಿ. ತಗಂಬಾ ಮಚ್ಚ” ಎಂದರು. ಯಾರೂ ನಗಲಿಲ್ಲ. ಬೆಳಗಿನಿಂದ ಎಲ್ಲವನ್ನೂ ಎರಡು ಮಾಡುತ್ತ ಬಂದವರಿಗೆ ಇದೂ ನ್ಯಾಯವಾಗಿಯೇ ಕಂಡಿತು. ಚನ್ನಬಸಣ್ಣನವರು ಪುಸ್ತಕವನ್ನು ನಡುವಿಗೆ ಬಿಚ್ಚಿ, ಮಣೆಯ ಮೇಲೆ ಇಟ್ಟು, ಬೆನ್ನಿಗೆ ಸರಿಯಾಗಿ ಒಂದೇ ಏಟು ಹಾಕಿದರು. ಕೈ ಪಳಗಿತ್ತು. ಒಂದು ಪುಟವೂ ಕೆಡಲಿಲ್ಲ. ಎ ಇಂದ ಎಲ್‌ವರೆಗೆ ಗಿರಿಜೆಗೆ, ಎಮ್‌ನಿಂದ ಕೊನೆಯವರೆಗೆ ನನಗೆ.

ಹಾಗೆ ನನ್ನ ಇಂಗ್ಲಿಷಿಗೆ ಒಂದು ವಿಚಿತ್ರ ಆಕಾರ ಬಂತು. ಮದರ್ ನನ್ನ ಪಾಲಿಗೆ ಬಂದಳು, ಫಾದರ್ ಆ ಮನೆಗೆ ಹೋದ. ಅಂಕಲ್ ನನ್ನಲ್ಲಿ, ಕಸಿನ್ ಅವಳಲ್ಲಿ. ಜಗಳದ ಕ್ವಾರಲ್, ಗೋಡೆಯ ವಾಲ್, ಹಗ್ಗದ ರೋಪ್ ಎಲ್ಲ ನನ್ನ ಪಾಲಿಗೇ ಬಂದವು. ಬಾಗಿಲಿನ ಡೋರ್ ಅವಳ ಪಾಲಿಗೆ ಹೋಯಿತು. ಇವತ್ತಿಗೂ ನನಗೆ ಎಸ್ ಅಕ್ಷರದ ಪದಗಳು ಬರುವಷ್ಟು ಸಲೀಸಾಗಿ ಸಿ ಅಕ್ಷರದವು ಬರುವುದಿಲ್ಲ. ಬಿ.ಎಡ್. ಓದುವಾಗ ಒಬ್ಬ ಮೇಡಂ, “ನಿಮ್ಮ ಪದಸಂಪತ್ತು ಅಪಾರ, ಆದರೆ ಅದೇಕೋ ಒಂದು ಕಡೆಗೆ ವಾಲಿದೆ” ಎಂದಿದ್ದರು.

ಪಾಲಾದ ಮೇಲೆ ನಡುಮನೆಯಲ್ಲಿ ಗೋಡೆ ಎದ್ದಿತು. ಅಪ್ಪ, ದೊಡ್ಡಪ್ಪ ಮಾತು ಬಿಟ್ಟರು. ಇಬ್ಬರೂ ಹುಡುಗಿಯರು ಹೊನ್ನವಳ್ಳಿಯ ಶಾಲೆಯಲ್ಲಿ ಒಟ್ಟಿಗೆ ಕೂರುವುದು ಬೇಡವೆಂದು ದೊಡ್ಡಪ್ಪ ಗಿರಿಜೆಯನ್ನು ತಿಪಟೂರಿನ ಶಾಲೆಗೆ ಸೇರಿಸಿದರು. ಅವಳು ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದಳು. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಬೇಕೆಂದು ಇಬ್ಬರಿಗೂ ತಾಕೀತು. ಆದರೆ ಗೋಡೆ ಅಟ್ಟದವರೆಗೆ ಮಾತ್ರ ಎದ್ದಿತ್ತು. ಅಟ್ಟದ ಮೇಲೆ ಗಾಳಿ ಆಚೆಯಿಂದ ಈಚೆಗೆ ಆಡದಿದ್ದರೆ ಕಾಯಿ ಕೊಳೆಯುತ್ತದೆ ಎಂದು ಅಲ್ಲಿ ಗೋಡೆ ಕಟ್ಟದೆ, ಬರೀ ಒಂದು ತೆಂಗಿನ ನಾರಿನ ಹಗ್ಗವನ್ನು ಅಡ್ಡ ಕಟ್ಟಿದ್ದರು. ಆ ಕಡೆ ಅವರ ಕಾಯಿ, ಈ ಕಡೆ ನಮ್ಮ ಕಾಯಿ.

ನಾವಿಬ್ಬರೂ ನಮ್ಮನಮ್ಮ ಏಣಿ ಹತ್ತಿ ಆ ಹಗ್ಗದ ಹತ್ತಿರ ಸೇರುತ್ತಿದ್ದೆವು. ಭಾನುವಾರ ಮಧ್ಯಾಹ್ನ ಎರಡೂ ಮನೆಯ ದೊಡ್ಡವರು ಉಂಡು ಮಲಗಿದ ಹೊತ್ತು. ಕಾಯಿಗಳ ಮೇಲೆ ಗೋಣಿಚೀಲ ಹಾಸಿಕೊಂಡು, ಹೆಂಚಿನ ಸಂದಿಯ ಬೆಳಕಿನಲ್ಲಿ ನಮ್ಮನಮ್ಮ ಅರ್ಧ ಡಿಕ್ಷನರಿ ಹಿಡಿದು ಕೂರುವುದು. ಬಂದವಳು ಮೊದಲು ಕೇಳುವ ಮಾತೇ “ಯಾವಕ್ಷರನೇ?” ಎಂದು. ವಾರವೆಲ್ಲ ನಮಗೆ ಅರ್ಥವಾಗದೆ ಉಳಿದ ಪದಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿರುತ್ತಿದ್ದೆವು. ಅವಳಿಗೆ ಬೇಕಾದದ್ದು ನನ್ನಲ್ಲಿ, ನನಗೆ ಬೇಕಾದದ್ದು ಅವಳಲ್ಲಿ. ಅದೇನು ವಿದ್ಯೆಯ ಹಸಿವು ಅಂದುಕೊಳ್ಳಬೇಡಿ. ಕಾಲು ಭಾಗ ಪದ, ಮುಕ್ಕಾಲು ಭಾಗ ಹರಟೆ. ಆದರೂ ಆ ಹಗ್ಗದ ಹತ್ತಿರ ಕೂರುವುದೊಂದು ತಪ್ಪಿದ್ದರೆ ಗಿರಿಜೆ ನನಗೆ ಪೂರ್ತಿ ತಪ್ಪಿಹೋಗುತ್ತಿದ್ದಳು. ನನಗೆ ಅಕ್ಕತಂಗಿಯರು ಇರಲಿಲ್ಲ.

ಒಂದು ಭಾನುವಾರ ಅವಳು ಬರುವುದು ತಡವಾಯಿತು. ಸುಮ್ಮನೆ ಪುಟ ಮಗುಚುತ್ತಿದ್ದಾಗ ಅಲಿಜ್ ಸಿಕ್ಕಿತು. ಕಾಸ್ಕ್ ಎಂಬುದರಲ್ಲಿ ಪೂರ್ತಿ ತುಂಬದೆ ಎಷ್ಟು ಉಳಿದಿದೆಯೋ ಅದಕ್ಕೆ ಅಲಿಜ್ ಎನ್ನುತ್ತಾರೆ ಎಂದು ಬರೆದಿತ್ತು. ಕಾಸ್ಕ್ ಎಂದರೇನು? ಅದು ಗಿರಿಜೆಯ ಪಾಲು. ಮುಂದೆ ಕಂಸದಲ್ಲಿ ಓ.ಎಫ್. ಎಂದು ಎರಡಕ್ಷರ. ಅದಕ್ಕೆ ವಿವರಣೆ ಪುಸ್ತಕದ ಮೊದಲ ಪುಟಗಳಲ್ಲಿ. ಅದೂ ಗಿರಿಜೆಯ ಪಾಲು. ಆಮೇಲೆ ಐ, ಅಂದರೆ ಕಣ್ಣು ಎಂದಿತ್ತು. ತುಂಬದೆ ಉಳಿದದ್ದಕ್ಕೂ ಕಣ್ಣಿಗೂ ಏನು ಸಂಬಂಧ ಎಂದು ತಲೆ ಕೆಟ್ಟುಹೋಯಿತು.

“ಯಾವಕ್ಷರನೇ?” ಎಂದು ಏದುಸಿರು ಬಿಡುತ್ತ ಗಿರಿಜೆ ಬಂದಳು.

“ಸಿ ತಗಿ. ಆಮೇಲೆ ಮೊದಲ್ನೇ ಪುಟ ತಗಿ.”

ಅವಳು ಓದಿ ಹೇಳಿದಳು. ಕಾಸ್ಕ್ ಎಂದರೆ ಮದ್ಯ ತುಂಬಿಡುವ ಮರದ ಪೀಪಾಯಿ. ಓ.ಎಫ್. ಎಂದರೆ ಹಳೆಯ ಫ್ರೆಂಚ್. ಪೀಪಾಯಿಗೆ ಬೆಣೆ ಹಾಕುವ ಒಂದು ತೂತು ಇರುತ್ತದೆಯಲ್ಲ, ಅದನ್ನು ಹಳೆಯ ಕಾಲದ ಫ್ರಾನ್ಸಿನವರು ಕಣ್ಣು ಎನ್ನುತ್ತಿದ್ದರಂತೆ. ಒಳಗಿನದು ಆರಿ ಇಂಗಿ ಕಡಿಮೆಯಾದಾಗ ಮತ್ತೆ ಕಣ್ಣಿನ ಮಟ್ಟಕ್ಕೆ ತುಂಬುವುದೇ ಅವರ ಕೆಲಸ. ತುಂಬಿಸುವ ಆ ಕೆಲಸದ ಹೆಸರೇ ಇಂಗ್ಲಿಷಿಗೆ ಬಂದು, ಕೊನೆಗೆ ಖಾಲಿ ಇರುವ ಜಾಗದ ಹೆಸರಾಗಿ ನಿಂತಿತು. ಇಷ್ಟು ಸ್ಪಷ್ಟವಾಗಿ ನನಗೆ ತಿಳಿದದ್ದು ಬಿ.ಎಡ್. ಓದುವಾಗ, ಕಾಲೇಜಿನ ಲೈಬ್ರರಿಯಲ್ಲಿ. ಅವತ್ತು ಇಬ್ಬರ ಅರ್ಧರ್ಧ ಸೇರಿಸಿ ಕಾಲು ಭಾಗ ತಿಳಿದಿದ್ದರೆ ಹೆಚ್ಚು.

ಆದರೆ ಗಿರಿಜೆ ನನಗಿಂತ ಚುರುಕು. ಪುಸ್ತಕ ಕೆಳಗಿಟ್ಟು ಪಕ್ಕದ ಒಂದು ಕಾಯಿ ತೆಗೆದುಕೊಂಡು ಅಲ್ಲಾಡಿಸಿದಳು. ಕುಳಕುಳ ಎಂದಿತು.

“ಇದೇ ಅಲ್ವೇನೇ? ಒಳಗೆ ನೀರು ಕಮ್ಮಿ ಆಗೈತೆ, ಅದ್ಕೇ ಸದ್ದು. ಕಾಯಿಗೂ ಕಣ್ಣೈತೆ!”

ಎಲ್ಲಿಯ ಫ್ರಾನ್ಸು, ಎಲ್ಲಿಯ ಹೊನ್ನವಳ್ಳಿ. ಅವರು ಆ ಖಾಲಿಯನ್ನು ನಷ್ಟ ಎಂದುಕೊಂಡು ತುಂಬಿಸುತ್ತಿದ್ದರು, ನಾವು ಅದೇ ಖಾಲಿಗಾಗಿ ಹತ್ತು ಹನ್ನೊಂದು ತಿಂಗಳು ಕಾಯುತ್ತಿದ್ದೆವು. ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರಿದೆ, ಅದು ನಮ್ಮಿಬ್ಬರಿಗೆ ಬಿಟ್ಟರೆ ಇಡೀ ತಾಲ್ಲೂಕಿನಲ್ಲಿ ಯಾರಿಗೂ ಗೊತ್ತಿಲ್ಲ ಎನ್ನುವ ಜಂಬ ತಲೆಗೇರಿತು. ಜಂಬ ತಲೆಗೇರಿದವರು ಏನು ಮಾಡುತ್ತಾರೋ ಅದನ್ನೇ ಮಾಡಿದೆವು. ಅಟ್ಟದ ಕಾಯಿಗಳನ್ನೆಲ್ಲ ಅಲಿಜ್ ಪ್ರಕಾರ ವಿಂಗಡಿಸತೊಡಗಿದೆವು. ಕಾಲು ಖಾಲಿ ಒಂದು ಗುಡ್ಡೆ, ಅರ್ಧ ಖಾಲಿ ಒಂದು ಗುಡ್ಡೆ, ಪೂರ್ತಿ ಒಣಗಿದ್ದು ಒಂದು ಗುಡ್ಡೆ. ಒಂದೇ ದಿನಕ್ಕೆ ಮುಗಿಯಲಿಲ್ಲ, ಮೂರು ಭಾನುವಾರ ಹಿಡಿಯಿತು. ಗುಡ್ಡೆಗಳಿಗೆ ಜಾಗ ಸಾಲದೆ ಹಗ್ಗವನ್ನು ಮೇಲೆತ್ತಿ ಕಟ್ಟಿಕೊಂಡೆವು. ಯಾರ ಕಾಯಿ ಯಾರದು ಎನ್ನುವುದು ನಮ್ಮಿಬ್ಬರ ತಲೆಗೂ ಹೊಳೆಯಲೇ ಇಲ್ಲ.

ನಾಲ್ಕನೇ ಭಾನುವಾರದ ಬೆಳಿಗ್ಗೆ ದೊಡ್ಡಪ್ಪ ಅಟ್ಟ ಹತ್ತಿದರು.

ಇಲ್ಲೊಂದು ವಿಷಯ ಹೇಳಬೇಕು. ಪಾಲಾದಾಗಿನಿಂದ ದೊಡ್ಡಪ್ಪನ ಕೊಬ್ಬರಿ ನೆಟ್ಟಗೆ ಬರುತ್ತಿರಲಿಲ್ಲ. ಒಡೆದದ್ದರಲ್ಲಿ ಅರ್ಧಕ್ಕರ್ಧ ಹಸಿ, ಚೂರು, ಬೂಷ್ಟು. ನಮ್ಮಪ್ಪನದು ಸುಮಾರಾಗಿ ಬರುತ್ತಿತ್ತು. ಅಂಥ ಕಿವಿಯ ಮನುಷ್ಯನಿಗೆ ಹೀಗೇಕಾಯಿತು ಎಂದು ಊರಿನಲ್ಲಿ ಪಿಸುಪಿಸು. ತನ್ನ ಒಣಗಿದ ಕಾಯಿಗಳನ್ನು ಯಾರೋ ಹಗ್ಗದಾಚೆಗೆ ಬದಲಾಯಿಸುತ್ತಿದ್ದಾರೆ ಎಂಬ ಅನುಮಾನ ದೊಡ್ಡಪ್ಪನಿಗೆ ಮೊದಲೇ ಇತ್ತು. ಈಗ ನೋಡಿದರೆ ಹಗ್ಗ ಮೇಲಿದೆ, ಕಾಯೆಲ್ಲ ಕಲಸುಮೇಲೋಗರ. ಅಟ್ಟದಿಂದಲೇ ಕೂಗಿದರು.

“ಕಳ್ರು! ಒಂದೇ ಹೊಟ್ಟೇಲಿ ಹುಟ್ಟಿ ಕಾಯಿ ಕದೀತೀಯೇನ್ಲಾ? ನಾಳೇನೇ ಗಾರೆಯವನ್ನ ಕರೆಸ್ತೀನಿ. ಹೆಂಚಿಗೆ ತಾಗೋವರೆಗೂ ಗೋಡೆ ಎತ್ತುಸ್ತೀನಿ. ಗಾಳಿ ಆಡದೆ ಕಾಯಿ ಕೊಳೆತ್ರೂ ಪರವಾಗಿಲ್ಲ!”

ನಾನು ಕೆಳಗೆ ಅಡುಗೆಮನೆಯಲ್ಲಿದ್ದೆ. ಗೋಡೆ ಎದ್ದರೆ ಎಲ್ಲ ಮುಗಿಯಿತು. ಇನ್ನು ಗಿರಿಜೆ ಇಲ್ಲ. ಅಳುತ್ತಲೇ ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ, ಡಿಕ್ಷನರಿ, ಅಲಿಜ್, ಗುಡ್ಡೆ ಎಲ್ಲ. ಗೋಡೆಯಾಚೆ ಗಿರಿಜೆ ಅಳುತ್ತಿದ್ದದ್ದೂ ಕೇಳುತ್ತಿತ್ತು. ಅಪ್ಪನಿಗೆ ಅಲಿಜ್ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಬೈಯಲಿಲ್ಲ. ಹೆಗಲಿನ ಟವೆಲ್ಲು ತಲೆಗೆ ಸುತ್ತಿಕೊಂಡು ಅಟ್ಟ ಹತ್ತಿದರು. ನಾನೂ ಹಿಂದೆಯೇ ಹೋದೆ. ಆ ಕಡೆಯಿಂದ ಗಿರಿಜೆಯ ತಲೆಯೂ ಕಾಣಿಸಿತು.

“ಹುಡುಗೀರು ಮಾಡಿರೋದು ಕಣಣ್ಣ. ವಿಂಗಡಿಸಿ ನಿನ್ನವು ನೀನು ತಗಾ” ಎಂದು ಅಪ್ಪ ಗಟ್ಟಿಯಾಗಿ ಹೇಳಿದರು. ಎರಡು ವರ್ಷದಲ್ಲಿ ಅಣ್ಣನಿಗೆ ಆಡಿದ ಮೊದಲ ಮಾತು ಅದು.

ದೊಡ್ಡಪ್ಪ ಗುರ್ರೆಂದರು. ಕಾಯಿಗೆ ಹೆಸರು ಬರೆದಿರುವುದಿಲ್ಲವಲ್ಲ. ಕೊನೆಗೆ ದೊಡ್ಡಪ್ಪನೇ ಒಂದು ದಾರಿ ಹೇಳಿದರು. ಒಂದೊಂದನ್ನೂ ತಾನೇ ಕಿವಿಯಲ್ಲಿ ನೋಡುತ್ತೇನೆ, ಒಣಗಿದವು ಒಂದು ಕಡೆ, ಹಸಿ ಒಂದು ಕಡೆ, ಆಮೇಲೆ ಎರಡರಲ್ಲೂ ಸಮ ಅರ್ಧ. ಅಪ್ಪ ಒಪ್ಪಿಕೊಂಡರು. ಕಾಯಿ ನೋಡುವ ವಿಷಯದಲ್ಲಿ ಅಣ್ಣನ ಮಾತಿಗೆ ಎದುರಾಡಿದ ಅಭ್ಯಾಸ ಅವರಿಗಿರಲಿಲ್ಲ.

ದೊಡ್ಡಪ್ಪ ಒಂದು ಕಾಯಿ ಎತ್ತಿ, ಕಿವಿಗೆ ಹಿಡಿದು, ಅಲ್ಲಾಡಿಸಿ, ಕಣ್ಣು ಮುಚ್ಚಿ, “ಆಗೈತೆ” ಎಂದರು. ಎದುರಿಗೆ ಕೂತ ನಮಗೆ ನೀರು ಕುಳಕುಳ ಎಂದದ್ದು ಕೇಳಿತ್ತು. ನಾನೂ ಗಿರಿಜೆಯೂ ಮುಖ ನೋಡಿಕೊಂಡೆವು. ಇನ್ನೊಂದು ಎತ್ತಿದರು. ಗಡಗಡ ಎಂದು ಉಂಡೆ ಆಡಿತು. “ಇದು ಹಸಿ” ಎಂದರು. ಅಪ್ಪನ ಮುಖ ಕೆಂಪಾಯಿತು. ಅಣ್ಣ ಮೋಸ ಮಾಡುತ್ತಿದ್ದಾನೆ ಎಂದು ಅವರಿಗೆ ಮೊದಲು ಅನ್ನಿಸಿರಬೇಕು. ಆದರೆ ಮೂರನೆಯದು, ನಾಲ್ಕನೆಯದು, ಐದನೆಯದು ನೋಡುವಷ್ಟರಲ್ಲಿ ಮೋಸಕ್ಕೆ ಬೇಕಾದ ಲೆಕ್ಕವೇ ಅದರಲ್ಲಿಲ್ಲ ಎಂದು ಗೊತ್ತಾಯಿತು. ಎರಡು ಗುಡ್ಡೆಯೂ ಹೇಗೂ ಸಮ ಪಾಲಾಗುವುದರಿಂದ ಹಾಗೆ ತಪ್ಪು ಹೇಳಿ ಅವರಿಗೆ ಸಿಗುವ ಲಾಭವೇನೂ ಇರಲಿಲ್ಲ.

ಅಪ್ಪ ಮೆಲ್ಲಗೆ ಎದ್ದು ದೊಡ್ಡಪ್ಪನ ಹಿಂದೆ ಹೋಗಿ ನಿಂತರು. “ಅಣ್ಣಾ” ಎಂದರು, ಮಾಮೂಲು ದನಿಯಲ್ಲಿ. ದೊಡ್ಡಪ್ಪ ತಿರುಗಲಿಲ್ಲ. “ಅಣ್ಣಾ” ಎಂದರು ಇನ್ನೊಂದು ಸಲ. ದೊಡ್ಡಪ್ಪ ಇನ್ನೊಂದು ಕಾಯಿ ಎತ್ತಿ ಕಿವಿಗೆ ಹಿಡಿದರು.

ಅಪ್ಪ ಮುಂದೆ ಬಂದು ಅವರೆದುರಿಗೆ ಕುಕ್ಕರಗಾಲಿನಲ್ಲಿ ಕೂತು, ಆ ಕಾಯನ್ನು ಅವರ ಕೈಯಿಂದ ಮೆತ್ತಗೆ ತೆಗೆದುಕೊಂಡರು. ದೊಡ್ಡಪ್ಪ ತಮ್ಮನ ಮುಖ ನೋಡಿದರು. ಗೊತ್ತಾಗಿ ಹೋಗಿದೆ ಎಂದು ಅವರಿಗೂ ಗೊತ್ತಾಯಿತು.

“ಎರಡು ವರ್ಷ ಆಯ್ತು ಕಣ್ಲಾ ಶಿವಣ್ಣ” ಎಂದರು. “ಕಾಯಿ ಮಾತಾಡೋದೇ ಬುಟ್ಬುಟ್ಟೈತೆ. ಮೊದ್ಲು ಕಾಯೇ ಸರಿ ಇಲ್ಲ ಅನ್ಕಂಡೆ.”

“ಯಾಕಣ್ಣ ಒಂದು ಮಾತು ಹೇಳಲಿಲ್ಲ?” ಎಂದು ಅಪ್ಪ ಜೋರಾಗಿ ಕೇಳಿದರು. ಜೋರಾಗಿ ಕೇಳಿದ್ದರಿಂದಲೋ ಏನೋ ದನಿ ಒಡೆಯಿತು.

“ಮಾತೇ ಬುಟ್ಟಿದ್ದೆವಲ್ಲೋ. ಯಾರಿಗೆ ಹೇಳ್ಲಿ?”

ಗಿರಿಜೆ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಮನೆಯಲ್ಲಿ ತನ್ನಪ್ಪ ಕರೆದರೆ ಓಗೊಡುವುದಿಲ್ಲ, ಬರೀ ಸಿಡುಕು ಎಂದು ಅವಳು ನನ್ನ ಹತ್ತಿರ ಎಷ್ಟು ಸಲ ದೂರಿದ್ದಳೋ. ಕಾಯಿಯೊಳಗೆ ಎಷ್ಟು ಖಾಲಿ ಇದೆ ಎಂದು ಮೂರು ಭಾನುವಾರ ಕಿವಿಗೊಟ್ಟು ಅಳೆದ ನಮಗೆ ಇದು ತಿಳಿದಿರಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಅವತ್ತು ಸಂಜೆಯವರೆಗೂ ಅಣ್ಣತಮ್ಮ ಅಟ್ಟ ಇಳಿಯಲಿಲ್ಲ. ಅಪ್ಪ ಕಿವಿಗೆ ಹಿಡಿದು ಅಲ್ಲಾಡಿಸುವುದು, ಒಣಗಿದ್ದರೆ ಹೆಬ್ಬೆರಳು ಎತ್ತುವುದು, ಹಸಿಯಾದರೆ ತಲೆಯಾಡಿಸುವುದು. ದೊಡ್ಡಪ್ಪ ಅದನ್ನು ತನ್ನ ಅಂಗೈಯಲ್ಲಿಟ್ಟು ತೂಗಿ ನೋಡಿ, “ಹ್ಞೂ, ಸರಿ” ಎಂದೋ, “ಸುಳ್ಳು, ಇನ್ನೊಂದ್ಸಲ ಕೇಳು” ಎಂದೋ ಹೇಳುವುದು. ಕಿವಿ ಹೋದರೂ ಕೈ ಹೋಗಿರಲಿಲ್ಲ. ಅಪ್ಪ ಎರಡು ಸಲ ತಪ್ಪಿದ್ದನ್ನು ಅವರ ಕೈಯೇ ಹಿಡಿಯಿತು. ಎರಡೂ ಅಡುಗೆಮನೆಗಳಿಂದ ಅಟ್ಟಕ್ಕೆ ಕಾಫಿ ಬಂತು, ಬೇರೆ ಬೇರೆ ಲೋಟದಲ್ಲಿ.

ದೊಡ್ಡಪ್ಪನ ಕೂಗು ಅವನ ಕಿವಿಗೂ ಬಿದ್ದಿತ್ತೇನೋ, ಮಾರನೆಯ ದಿನ ಗಾರೆಯವನು ಇಟ್ಟಿಗೆ ಹೇರಿಕೊಂಡು ಬಂದೇ ಬಿಟ್ಟ. ಬಂದವನನ್ನು ವಾಪಸು ಕಳಿಸುವುದು ಸರಿಯಲ್ಲವೆಂದು ದೊಡ್ಡಪ್ಪ ಹಿತ್ತಲಲ್ಲಿ ದನಗಳಿಗೆ ಒಂದು ನೀರಿನ ತೊಟ್ಟಿ ಕಟ್ಟಿಸಿದರು. ಅಟ್ಟದ ಹಗ್ಗವನ್ನು ಅಪ್ಪ ಬಿಚ್ಚಿ ಕರುವಿಗೆ ಕಟ್ಟಿದರು. ನಡುಮನೆಯ ಗೋಡೆ ಹಾಗೇ ಉಳಿಯಿತು, ಒಲೆಗಳೂ ಎರಡೇ ಉಳಿದವು. ಎಲ್ಲ ಸರಿಹೋಯಿತು ಎಂದು ಕಥೆ ಕಟ್ಟಲು ನನಗೆ ಬಾಯಿ ಬರುವುದಿಲ್ಲ. ಬಚ್ಚಲೊಲೆಯ ಮಾತು ಬಂದರೆ ಅಮ್ಮ, ದೊಡ್ಡಮ್ಮ ಈಗಲೂ ಮುಖ ಊದಿಸಿಕೊಳ್ಳುತ್ತಾರೆ. ಆದರೆ ಕಾಯಿ ಒಡೆಯುವ ದಿನ ಬಂದರೆ ಅಪ್ಪ ಕೇಳುವುದು, ದೊಡ್ಡಪ್ಪ ಒಡೆಯುವುದು. ದೊಡ್ಡಪ್ಪನ ಕೊಬ್ಬರಿ ಮತ್ತೆ ಉಂಡೆಯಾಗಿ ಬರತೊಡಗಿತು.

ಗಿರಿಜೆಗೆ ದಂಡಿನಶಿವರಕ್ಕೆ ಮದುವೆಯಾಯಿತು. ಮದುವೆಯ ಹಿಂದಿನ ವಾರ ದೊಡ್ಡಪ್ಪ ಎರಡೂ ಅರ್ಧ ಡಿಕ್ಷನರಿಗಳನ್ನು ಕೇಳಿದರು. ತಿಪಟೂರಿನಲ್ಲಿ ಬೈಂಡು ಹಾಕುವವನೊಬ್ಬನನ್ನು ಗೊತ್ತು ಮಾಡಿಕೊಂಡು ಬಂದಿದ್ದರು. “ಒಂದು ಮಾಡುಸ್ಬುಡ್ತೀನಿ ಕಣ್ರೇ. ನನ್ ಕಣ್ಮುಂದೇನೇ ಕತ್ತರಿಸಿದ್ದು, ನಾನೇ ಹೊಲ್ಸುಬುಡ್ತೀನಿ” ಎಂದರು. ಒಳ್ಳೆಯ ಮಾತೇ. ಅಪ್ಪನೂ ಹೂಂ ಎಂದರು. ನಾನೂ ಗಿರಿಜೆಯೂ ಒಟ್ಟಿಗೇ ಬೇಡ ಎಂದೆವು. ದೊಡ್ಡಪ್ಪನಿಗೆ ಕೇಳಿಸಲಿಲ್ಲವೇನೋ ಎಂದು ಕೈಯಾಡಿಸಿಯೂ ಹೇಳಿದೆವು. ಹೊಲಿದರೆ ಪುಸ್ತಕ ಒಬ್ಬರ ಮನೆಗೆ ಹೋಗುತ್ತದೆ. ಇನ್ನೊಬ್ಬಳಿಗೆ ಕೇಳುವುದಕ್ಕೆ ಏನಿರುತ್ತದೆ?

ಈಗ ಶಾಲೆಯ ಬೀರುವಿನಲ್ಲಿ ನಾಲ್ಕು ಡಿಕ್ಷನರಿಗಳಿವೆ, ನಾಲ್ಕೂ ಪೂರ್ತಿಯಾಗಿಯೇ ಇವೆ. ಗಿರಿಜೆಯ ಮಗಳಿಗೂ ಅವಳಪ್ಪ ಒಂದು ಹೊಸದನ್ನು ಕೊಡಿಸಿದ್ದಾರೆ. ಆದರೂ ಪಾಠಕ್ಕೆ ತಯಾರಿ ಮಾಡುವಾಗ ಎ ಇಂದ ಎಲ್‌ವರೆಗಿನ ಯಾವುದಾದರೂ ಪದ ತೊಡಕಾದರೆ ನಾನು ಬೀರು ತೆಗೆಯುವುದಿಲ್ಲ. ಮನೆಗೆ ಬಂದು, ಕೈಕಾಲು ತೊಳೆದು, ದಂಡಿನಶಿವರಕ್ಕೆ ಫೋನು ಮಾಡುತ್ತೇನೆ. ಆ ಕಡೆ ಎತ್ತಿದವಳು ಹಲೋ ಅನ್ನುವುದಿಲ್ಲ.

“ಯಾವಕ್ಷರನೇ?” ಅನ್ನುತ್ತಾಳೆ.